ಬ್ಲೀಮ್ ಕೋರ್ಟಿನಲ್ಲಿ ಸೋತಿಲ್ಲ

‘ಸೋನಿ ಕೇಸ್ ಹಾಕಿ ಬ್ಲೀಮ್ ವಿರುದ್ಧ ಗೆದ್ದಿತು, ಹಾಗಾಗಿ ಎಮ್ಯುಲೇಟರ್ ಮಾಡುವುದೇ ಅಪರಾಧ’ ಅನ್ನುವ ಮಾತು ಮತ್ತೆ ಓಡಾಡುತ್ತಿದೆ. ಇದು ಪೂರ್ತಿ ತಪ್ಪು. ಎಮ್ಯುಲೇಟರ್ ಅಂದರೆ ಒಂದು ಯಂತ್ರದ ಆಟವನ್ನು ಬೇರೆ ಯಂತ್ರದಲ್ಲಿ ಓಡಿಸುವ ಸಾಫ್ಟ್‌ವೇರ್; ಬ್ಲೀಮ್ ಕಂಪನಿಯದು ಸೋನಿಯ ಪ್ಲೇಸ್ಟೇಷನ್ ಆಟಗಳನ್ನು ಪಿಸಿಯಲ್ಲಿ ಓಡಿಸುತ್ತಿತ್ತು.

ಅಮೆರಿಕದಲ್ಲಿ ಸೋನಿ ಹಾಕಿದ ಎರಡು ಕೇಸ್ ನಡೆದವು, ಒಂದು ಕನೆಕ್ಟಿಕ್ಸ್ ಮೇಲೆ, ಇನ್ನೊಂದು ಬ್ಲೀಮ್ ಮೇಲೆ. ಕನೆಕ್ಟಿಕ್ಸ್ ಕಂಪನಿ ಆಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಪ್ಲೇಸ್ಟೇಷನ್ ಆಟ ಓಡಿಸುವ ಸಾಫ್ಟ್‌ವೇರ್ ಮಾಡಿತ್ತು. ಅದಕ್ಕಾಗಿ ಅವರ ಎಂಜಿನಿಯರ್‌ಗಳು ಪ್ಲೇಸ್ಟೇಷನ್ ಚಿಪ್‌ನಿಂದ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ಸಾಫ್ಟ್‌ವೇರ್) ತೆಗೆದು, ಕಂಪ್ಯೂಟರಿಗೆ ಹಾಕಿ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದ್ದರು, ಆದರೆ ಮಾರಿದ ಸಾಫ್ಟ್‌ವೇರ್‌ನಲ್ಲಿ ಸೋನಿಯ ಕೋಡ್ ಇರಲಿಲ್ಲ. ಕೆಳಗಿನ ಕೋರ್ಟ್ ಮಾರಾಟ ತಡೆದಿತ್ತು. 2000ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟ್ ಆ ತಡೆ ತೆಗೆದು, ಕಲಿಯಲು ಮಾಡಿದ ಆ ನಕಲು ನ್ಯಾಯಯುತ ಬಳಕೆ, ಅಂದರೆ ಮಾಲೀಕರ ಅನುಮತಿ ಇಲ್ಲದಿದ್ದರೂ ಕಾನೂನು ಒಪ್ಪುವ ಬಳಕೆ, ಎಂದಿತು.

ಬ್ಲೀಮ್ ವಿಷಯದಲ್ಲಿ ಮೇಲ್ಮನವಿ ಕೋರ್ಟಿಗೆ ಬಂದ ಪ್ರಶ್ನೆ ಬರೀ ಜಾಹೀರಾತಿನದು. ಟಿವಿಯಲ್ಲಿ ಆಟ ಹೀಗೆ, ಪಿಸಿಯಲ್ಲಿ ಹೀಗೆ ಅಂತ ಪಕ್ಕಪಕ್ಕ ಚಿತ್ರ ಹಾಕಿದ್ದರು, ಅಷ್ಟೇ. ಅದೇ ವರ್ಷ ಮೇನಲ್ಲಿ ಅದೂ ಸರಿ ಅಂತಾಯಿತು.

ಮತ್ತೆ ಇಬ್ಬರೂ ಯಾಕೆ ಮಾಯವಾದರು? ಕನೆಕ್ಟಿಕ್ಸ್‌ನ ಸಾಫ್ಟ್‌ವೇರನ್ನು 2001ರಲ್ಲಿ ಸೋನಿಯೇ ಕೊಂಡು ನಿಲ್ಲಿಸಿತು. ಬ್ಲೀಮ್ ಸಣ್ಣ ಕಂಪನಿ, ಗೆದ್ದರೂ ವಕೀಲರ ಖರ್ಚು ತಾಳಲಾರದೆ ಅದೇ ವರ್ಷ ಬಾಗಿಲು ಹಾಕಿತು. ನನಗೆ ಬೇಜಾರಾಗುವುದು ಇದಕ್ಕೇ. ಗೆದ್ದವರನ್ನೇ ಸೋತವರು ಅಂತ ಹೇಳುತ್ತಿದ್ದೇವೆ, ಅಲ್ವಾ?

ಆಟಗಳ ಪೈರೇಟೆಡ್ ಕಾಪಿ ಇಳಿಸಿಕೊಳ್ಳುವುದು ಬೇರೆ ವಿಷಯ, ಅದಕ್ಕೆ ಈ ತೀರ್ಪುಗಳಲ್ಲಿ ಅನುಮತಿ ಇಲ್ಲ.