ನಾಬಣ್ಣನ ಐವತ್ತು ಪರ್ಸೆಂಟ್

ಪ್ರೋಗ್ರಾಂ ಕೊಟ್ಟರೆ ತಾನೇ ಲೋಹ ಕತ್ತರಿಸುವ ಸಿಎನ್‌ಸಿ ಮಷೀನಿನ ಪ್ಯಾನೆಲ್ ಮೇಲೆ ಒಂದು ಗುಂಡನೆಯ ನಾಬ್ ಇರುತ್ತದಲ್ಲ, ಸುತ್ತ ಸೊನ್ನೆಯಿಂದ 150ರ ತನಕ ಅಂಕಿ ಬರೆದಿರುವುದು? ಫೀಡ್ ಓವರ್‌ರೈಡ್. ಟೂಲ್ ಲೋಹದೊಳಗೆ ಮುಂದೆ ಸಾಗುವ ವೇಗವೇ ಫೀಡ್; ಪ್ರೋಗ್ರಾಮಿನಲ್ಲಿ ಬರೆದ ಆ ವೇಗದ ಎಷ್ಟು ಪರ್ಸೆಂಟಿನಲ್ಲಿ ಓಡಬೇಕು ಅಂತ ಹೇಳುವುದು ಈ ನಾಬ್. ಇದನ್ನು ಅಲ್ಲಿ ಕೂರಿಸಿದ ಪುಣ್ಯಾತ್ಮ ಎದುರಿಗೆ ಸಿಕ್ಕರೆ ನನಗೆ ಎರಡು ಮಾತು ಆಡುವುದಿದೆ. ನೀವು ಎಷ್ಟೇ ತಲೆ ಕೆಡಿಸಿಕೊಂಡು ಪ್ರೋಗ್ರಾಂ ಬರೆಯಿರಿ, ಕೊನೆಗೆ ಕಟ್ಟಿಂಗ್ ಎಷ್ಟು ವೇಗದಲ್ಲಿ ಆಗಬೇಕು ಅಂತ ತೀರ್ಮಾನ ಮಾಡುವುದು ಆ ನಾಬ್ ಮೇಲೆ ಕೈ ಇಟ್ಟವರು. ನಮ್ಮ ಶಾಪಿನಲ್ಲಿ ಆ ಕೈ ನೈಟ್ ಶಿಫ್ಟಿನ ನಾಬಣ್ಣನದು.

ನಾಬಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಶಾಪಿನ ಹುಡುಗರು ಇಟ್ಟದ್ದು. ಮನುಷ್ಯ ಬಂಗಾರ. ಟೀ ಹೇಳಿದರೆ ಎಲ್ಲರಿಗೂ ಸೇರಿಸಿಯೇ ಹೇಳುತ್ತಾರೆ. ಒಂದೇ ತೊಂದರೆ. ನಾಬ್ 50ರ ಗೆರೆ ದಾಟಿದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ. ಒಲೆ ಮೇಲೆ ಹಾಲಿಟ್ಟು ನಿಂತವರ ಹಾಗೆ, ಬಾಗಿಲಿನ ಗ್ಲಾಸಿಗೆ ಮೂಗು ತಾಗಿಸಿ, ಬಲಗೈಯನ್ನು ನಾಬ್ ಮೇಲಿಟ್ಟು ಇಡೀ ಶಿಫ್ಟ್ ನಿಲ್ಲುತ್ತಾರೆ. ಎಡಗೈಯಲ್ಲಿ ಟೀ ಲೋಟ.

ಒಂದು ಸೆಟ್ಟಿಂಗ್, ಅಂದರೆ ಹೊಸ ತುಂಡು ಕತ್ತರಿಸಲು ಮಷೀನ್ ಸಿದ್ಧ ಮಾಡುವುದು, ಎಷ್ಟು ಕೆಲಸ ಅಂತ ಕೇಳಿ. ಜಾಬ್ (ಕತ್ತರಿಸಬೇಕಾದ ತುಂಡು) ಹಿಡಿಯುವ ವೈಸಿಗೆ ಅಳತೆಯ ಡಯಲ್ ಹಿಡಿದು ನೇರ ಮಾಡಬೇಕು. ಎಡ್ಜ್ ಫೈಂಡರ್ ತಾಗಿಸಿ ಜಿ54, ಅಂದರೆ ಜಾಬಿನ ಸೊನ್ನೆ ಬಿಂದು, ತೆಗೆದುಕೊಳ್ಳಬೇಕು. ಟೂಲ್ ಹಿಡಿಯುವ ಕಾಲೆಟ್ ಬಿಚ್ಚಿ, ಒಳಗೆ ಕೂತ ಲೋಹದ ಚಿಪ್ ಒರೆಸಿ, ಟೂಲನ್ನು ಬೇಕಾದಷ್ಟೇ ಹೊರಗೆ ಬಿಟ್ಟು ಬಿಗಿ ಮಾಡಬೇಕು. ಪ್ರತಿ ಟೂಲಿಗೂ ಸ್ಲಿಪ್ ಗೇಜ್ ಅನ್ನುವ ಅಳತೆಯ ತುಂಡು ಇಟ್ಟು ಹೈಟ್ ತೆಗೆಯಬೇಕು. ಮೂರನೇ ಟೂಲಿನ ಹೈಟ್ ಕಂಟ್ರೋಲಿನ ಮೂರನೇ ಆಫ್‌ಸೆಟ್ಟಿಗೇ ಹೋಯಿತಾ ಅಂತ ಇನ್ನೊಮ್ಮೆ ನೋಡಬೇಕು. ಆಮೇಲೆ ಪ್ರೋಗ್ರಾಮಿನಲ್ಲಿ ಎಲ್ಲಾದರೂ ದಶಮಾಂಶ ಚುಕ್ಕಿ ಬಿಟ್ಟುಹೋಗಿದೆಯಾ ಅಂತ ಹುಡುಕಬೇಕು. ಮಷೀನ್ ನಡೆಸುವ ಫಾನಕ್ ಕಂಟ್ರೋಲಿಗೆ ಚುಕ್ಕಿ ಇಲ್ಲದೆ ಎಕ್ಸ್10 ಅಂತ ಕೊಟ್ಟರೆ, ಪ್ಯಾರಾಮೀಟರ್ ಬದಲಿಸದ ಹೊರತು ಅದು 10 ಮಿಲಿಮೀಟರ್ ಅಲ್ಲ, 10 ಮೈಕ್ರಾನ್, ಅಂದರೆ 0.01 ಮಿಲಿಮೀಟರ್. ಇಷ್ಟೆಲ್ಲ ಆದಮೇಲೆ ಸಿಂಗಲ್ ಬ್ಲಾಕ್ ಹಾಕಿ, ಒಂದೊಂದೇ ಸಾಲು ಓಡಿಸುತ್ತಾ, ಉಸಿರು ಬಿಗಿ ಹಿಡಿದು ಮೊದಲ ಪೀಸ್. ಅಷ್ಟರಲ್ಲಿ ಓನರ್ ಬಂದು, "ಪ್ರೋಗ್ರಾಂ ಕಂಪ್ಯೂಟರೇ ಹಾಕುತ್ತಲ್ರೀ, ಇನ್ನೂ ಏನ್ ಮಾಡ್ತಿದೀರಾ?" ಅಂತ ಕೇಳಿ ಹೋಗಿರುತ್ತಾರೆ. ಹೌದು, ಕಂಪ್ಯೂಟರೇ ಹಾಕುತ್ತದೆ. ಅದರ ಸಿಮ್ಯುಲೇಶನ್ನಿನಲ್ಲಿ ಕ್ಲಾಂಪ್ ಬೋಲ್ಟೇ ಇರುವುದಿಲ್ಲ, ಅದಕ್ಕೇ ಅಲ್ಲಿ ಟೂಲ್ ಯಾವುದಕ್ಕೂ ಗುದ್ದುವುದಿಲ್ಲ.

ಈಗ ಓಡುತ್ತಿರುವುದು 304 ಸ್ಟೇನ್‌ಲೆಸ್ ಸ್ಟೀಲಿನ ಒಂದು ಬ್ಲಾಕ್. ರಫಿಂಗಿಗೆ, ಅಂದರೆ ಮೊದಲ ಒರಟು ಕಟ್ಟಿಂಗಿಗೆ, 12 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್, ನಾಲ್ಕು ಹಲ್ಲಿನದು. ಸ್ಪೀಡ್ ನಿಮಿಷಕ್ಕೆ 2100 ಸುತ್ತು, ಫೀಡ್ ನಿಮಿಷಕ್ಕೆ 420 ಮಿ.ಮೀ. ಅಂದರೆ ಒಂದೊಂದು ಹಲ್ಲು ಪ್ರತಿ ಸುತ್ತಿಗೆ 0.05 ಮಿ.ಮೀ. ಕಚ್ಚಬೇಕು. ಹಗಲು ಶಿಫ್ಟಿನಲ್ಲಿ ಸೈಕಲ್ ಟೈಮ್, ಅಂದರೆ ಒಂದು ಪೀಸಿಗೆ ಹಿಡಿಯುವ ಹೊತ್ತು, 7 ನಿಮಿಷ. ನೈಟ್ ಶಿಫ್ಟಿನ ಪುಸ್ತಕದಲ್ಲಿ 12. ಪಾರ್ಟಿಗೆ ರೇಟ್ ಕೊಟ್ಟಿರುವುದು 7ರ ಲೆಕ್ಕದಲ್ಲಿ. ಹಾಗಾಗಿ ಬೆಳಗ್ಗೆ ವಿಚಾರಣೆ ನಡೆಯುವುದು ಪ್ರೋಗ್ರಾಂ ಬರೆದ ನನ್ನದು. ನಾಬ್ ತಿರುಗಿಸಿದವರು ಅಷ್ಟೊತ್ತಿಗೆ ಮನೆಗೆ ಹೋಗಿ ಮಲಗಿರುತ್ತಾರೆ.

"ಅಣ್ಣ, ನೂರರಲ್ಲೇ ಓಡಿಸಿ" ಅಂದರೆ, "ಟೂಲ್ ಉಳೀಲಿ ಅಂತಪ್ಪ. ಮೂರು ಸಾವಿರದ ಸಾಮಾನು" ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ನಾಬ್ ಇಳಿಸಿದರೆ ಫೀಡ್ ಮಾತ್ರ ಇಳಿಯುತ್ತದೆ. ಟೂಲ್ ತಿರುಗಿಸುವ ಸ್ಪಿಂಡಲ್ ಅದೇ 2100ರಲ್ಲಿ ತಿರುಗುತ್ತಿರುತ್ತದೆ. ಒಂದೊಂದು ಹಲ್ಲಿಗೂ ಸಿಗುವುದು ಅರ್ಧ. ಕಚ್ಚುವ ಬದಲು ಉಜ್ಜುತ್ತದೆ. 304 ಎಂಥದು ಅಂತ ಗೊತ್ತಲ್ಲ, ಉಜ್ಜಿದಷ್ಟೂ ಮೈ ಗಟ್ಟಿ ಮಾಡಿಕೊಳ್ಳುವ ಜಾತಿ. ಬಿಸಿ ಏರಿ ಟೂಲಿನ ಅಂಚು ಹೋಗುತ್ತದೆ. ಉಳಿಸಲು ಹೋಗಿ ಅವರೇ ಅದರ ಆಯಸ್ಸು ತೆಗೆಯುತ್ತಿದ್ದಾರೆ. ಹೋದ ಟೂಲನ್ನು ಕೈಯಲ್ಲಿಟ್ಟು ತೋರಿಸಿದರೆ ಏನಂದರು ಗೊತ್ತಾ? "ನೋಡ್ದಾ, ಐವತ್ತರಲ್ಲೇ ಹಿಂಗಾಗಿದೆ. ಇನ್ನು ನೂರರಲ್ಲಿ ಓಡ್ಸಿದ್ರೆ?" ಈ ವಾದಕ್ಕೆ ಉತ್ತರ ಯಾವ ಮ್ಯಾನ್ಯುಯಲ್ಲಿನಲ್ಲೂ ಇಲ್ಲ.

(ಹಗಲಿನ ಹುಡುಗ ಇದಕ್ಕೆ ಉಲ್ಟಾ. ಬೇಗ ಮುಗಿಸಿ ಮೊಬೈಲ್ ನೋಡಲು 120ಕ್ಕೆ ಏರಿಸುತ್ತಾನೆ. ಅವನ ಕಥೆ ಇನ್ನೊಂದು ದಿನ.)

ತೂತಿಗೆ ಥ್ರೆಡ್ ಹಾಕುವ ಟ್ಯಾಪಿಂಗ್ ಬಂತು ಅಂದರೆ ನಾಬಣ್ಣನ ನಿಜವಾದ ಕಷ್ಟ ಶುರು. ಅದರ ಜಿ84 ಕೋಡ್ ನಡೆಯುವಾಗ ಕಂಟ್ರೋಲ್ ಈ ನಾಬನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸ್ಪಿಂಡಲ್ ಒಂದು ಸುತ್ತು ತಿರುಗಿದರೆ ಟ್ಯಾಪ್ ಒಂದು ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿನಷ್ಟು, ಇಳಿಯಲೇಬೇಕು. ನಡುವೆ ಫೀಡ್ ತಗ್ಗಿದರೆ ಟ್ಯಾಪ್ ಮುರಿದು ತೂತಿನಲ್ಲೇ ಕೂರುತ್ತದೆ. ಹಾಗಾಗಿ ಅಲ್ಲಿ ನೂರಕ್ಕೆ ನೂರು. ಓಟ ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಒತ್ತಿದರೂ ಟ್ಯಾಪ್ ಹೊರಗೆ ಬಂದಮೇಲೆಯೇ ನಿಲ್ಲುವುದು. ಇದನ್ನೆಲ್ಲ ಅವರಿಗೆ ಹೇಳಿದ್ದೇನೆ. ತಲೆ ಆಡಿಸುತ್ತಾರೆ. ಆದರೆ ಟ್ಯಾಪ್ ಸರ್ರನೆ ಇಳಿಯುವುದು ಕಂಡ ಕೂಡಲೇ ಕೈ ತಾನಾಗಿ ತಿರುಗುತ್ತದೆ. ಐವತ್ತು. ಇಳಿಯುತ್ತಲೇ ಇದೆ. ಇಪ್ಪತ್ತು. ಕೇಳುತ್ತಿಲ್ಲ. ಸೊನ್ನೆ.

ಕಳೆದ ವಾರ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು.

"ಮಷೀನ್ ನಿಂತೋಗಿದೆ ಕಣಪ್ಪ. ಅಲಾರಂ ಏನೂ ಇಲ್ಲ. ಸ್ಪಿಂಡಲ್ ತಿರುಗ್ತಿದೆ, ಕೂಲಂಟ್ ಬರ್ತಿದೆ, ಟೂಲು ಜಾಬ್ ಮೇಲೆ ಬಂದು ಸುಮ್ನೆ ನಿಂತಿದೆ. ನಿನ್ ಪ್ರೋಗ್ರಾಮಲ್ಲೇ ಏನೋ ಇದೆ."

"ಅಣ್ಣ, ನಾಬ್ ನೋಡಿ."

"ಅದು ಸರಿಯಾಗೇ ಇದೆ. ನನ್ ಕೈಯಲ್ಲೇ ಇದೆಯಲ್ಲ."

ದಾಸರಹಳ್ಳಿಯಿಂದ ಸ್ಕೂಟರ್ ತೆಗೆದೆ. ಜಾಲಹಳ್ಳಿ ಕ್ರಾಸಿನಲ್ಲಿ ಆ ಹೊತ್ತಿಗೆ ಲಾರಿಗಳದೇ ರಾಜ್ಯ. ಪೀಣ್ಯದ ನಮ್ಮ ಶಾಪ್ ತಲುಪಿ ಒಳಗೆ ಹೋದರೆ ಮಷೀನ್ ಮುಂದೆ ಸಣ್ಣ ಸಭೆ. ಲೇತಿನ ಹುಡುಗ ಮೇನ್ ಆಫ್ ಮಾಡಿ ಆನ್ ಮಾಡೋಣ ಅನ್ನುತ್ತಿದ್ದ. ಸೆಕ್ಯುರಿಟಿಯವರು ವೋಲ್ಟೇಜ್ ಕಡಿಮೆ ಇರಬೇಕು ಅಂತ ಅಭಿಪ್ರಾಯ ಕೊಟ್ಟರು. ನಾಬಣ್ಣ ಗ್ಲಾಸಿಗೆ ಮೂಗು ತಾಗಿಸಿ ನಿಂತಿದ್ದರು. ಟ್ಯಾಪಿಂಗ್ ಮುಗಿದು, ಅಂಚು ಸವರುವ ಚಾಂಫರ್ ಟೂಲ್ ಬಂದು, ಫೀಡಿನಲ್ಲಿ ಕಟ್ಟಿಂಗ್ ಮಾಡುವ ಮೊದಲ ಜಿ01 ಸಾಲಿನಲ್ಲಿ ಮಷೀನ್ ಕಾಯುತ್ತಿತ್ತು. ನಾಬ್ ಸೊನ್ನೆಯಲ್ಲಿತ್ತು. ಅದರ ಮೇಲೆ ಅವರ ಕೈ ಇತ್ತು. ನಾನು ಮಾತಾಡದೆ ಆ ಕೈ ಮೇಲೆ ನನ್ನ ಕೈ ಇಟ್ಟು ಎರಡನ್ನೂ ಸೇರಿಸಿ ಬಲಕ್ಕೆ ತಿರುಗಿಸಿದೆ. ಮಷೀನ್ ಓಡಿತು.

"ನೋಡು, ನೀನು ಬಂದೆ, ಓಡ್ತು" ಅಂದರು. ನಾನು ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ನಾಬ್ ಮತ್ತೆ ಐವತ್ತಕ್ಕೆ ಬಂದಿತ್ತು.

ಸಿಟ್ಟು ಬರುತ್ತದೆ, ಆದರೆ ಪೂರ್ತಿಯಾಗಿ ಬರುವುದಿಲ್ಲ. ಅವರು ಕೆಲಸ ಕಲಿತದ್ದು ಹಳೆಯ ಸೆಂಟರ್ ಲೇತಿನಲ್ಲಿ. ಎರಡು ಕೈಗೆ ಎರಡು ಹ್ಯಾಂಡ್‌ವೀಲ್. ಟೂಲ್ ಎಷ್ಟು ಕಚ್ಚುತ್ತಿದೆ ಅನ್ನುವುದು ಹಿಡಿಯಲ್ಲೇ ಗೊತ್ತಾಗುತ್ತಿತ್ತಂತೆ. ಈಗ ಬಾಗಿಲು ಮುಚ್ಚಿ ಹಸಿರು ಬಟನ್ ಒತ್ತಿದರೆ ಮುಗಿಯಿತು. ಲೇತಿನ ಮುಂದೆ ಅಷ್ಟು ವರ್ಷ ಬಿಡುವಿಲ್ಲದೆ ಇದ್ದ ಕೈಗೆ ಈ ಇಡೀ ಮಷೀನಿನಲ್ಲಿ ಸಿಕ್ಕಿರುವುದು ಅದೊಂದು ನಾಬ್. ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಅವರು ಇದ್ದಕ್ಕಿದ್ದಂತೆ ಚಪಾತಿ ಬಿಟ್ಟು ಎದ್ದು ಓಡಿದರು. ಹೋಗಿ ಮಷೀನ್ ನಿಲ್ಲಿಸಿದರು. ನೋಡಿದರೆ ಡ್ರಿಲ್ಲಿನ ಮೂಲೆ ಉದುರಿತ್ತು. ಇನ್ನೊಂದು ತೂತಿಗೆ ಇಳಿದಿದ್ದರೆ ಡ್ರಿಲ್ಲೂ ಇಲ್ಲ, ಜಾಬೂ ಇಲ್ಲ. ನಮಗೆ ಕೇಳಿಸಿದ್ದು ಬರೀ ಮಷೀನ್ ಸದ್ದು.

ಅದೆಲ್ಲ ಸರಿ. ಆದರೆ 12 ನಿಮಿಷ?

ಕೊನೆಗೆ ಸೋಮವಾರ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. #3004=2. ಮ್ಯಾಕ್ರೋ ಸೌಲಭ್ಯ ಇರುವ ಫಾನಕ್ಕಿನಲ್ಲಿ ಇದನ್ನು ಹಾಕಿದರೆ ಫೀಡ್ ನಾಬ್ ಏನು ತಿರುಗಿಸಿದರೂ ನೂರೇ. ಫೀಡ್ ಹೋಲ್ಡ್, ಎಮರ್ಜೆನ್ಸಿ ಎರಡೂ ಎಂದಿನ ಹಾಗೆ ಕೆಲಸ ಮಾಡುತ್ತವೆ. ಆಗಲೇ ನೂರಾರು ಪೀಸ್ ಸರಿಯಾಗಿ ಬಂದ ಪ್ರೋಗ್ರಾಂ, ಹೆದರಿಕೆ ಏನಿಲ್ಲ. ಪ್ರೋಗ್ರಾಮಿನ ಕೊನೆಯಲ್ಲಿ ಆ 2ನ್ನು ಮತ್ತೆ ಸೊನ್ನೆ ಮಾಡಿ ಸೇವ್ ಮಾಡಿದೆ. ಯಾರಿಗೂ ಹೇಳಲಿಲ್ಲ.

ಮಂಗಳವಾರ ಪುಸ್ತಕದಲ್ಲಿ ನಾಬಣ್ಣನ ದಪ್ಪ ಅಕ್ಷರ: "ಫೀಡ್ ನಾಬ್ ಕೆಟ್ಟಿದೆ. ಅರ್ಜೆಂಟ್." ಮೇಂಟೆನೆನ್ಸ್ ಹುಡುಗ ಪ್ಯಾನೆಲ್ ಬಿಚ್ಚಿದ, ವೈರ್ ಎಳೆದು ನೋಡಿದ, ಹೊಸದೇ ತರಿಸಬೇಕು ಅಂದ. ಓನರ್ ಕೊಟೇಶನ್ ಕೇಳಿದರು. ನಾನು ಕಂಪ್ಯೂಟರಿನಲ್ಲಿ ಏನೋ ತುಂಬಾ ಮುಖ್ಯವಾದದ್ದನ್ನು ನೋಡುತ್ತಿದ್ದೆ.

ಸದ್ಯ, ಸೈಕಲ್ ಟೈಮ್ ಆದರೂ ಸರಿಹೋಗಿರುತ್ತದೆ ಅಂತ ಪುಟ ತಿರುಗಿಸಿದೆ. 9 ನಿಮಿಷ. 9 ಹೇಗೆ? ಮಷೀನ್ ಹತ್ತಿರ ಹೋದೆ. ಕಟ್ಟಿಂಗ್ ಇಲ್ಲದೆ ಟೂಲ್ ಓಡಾಡುವ ವೇಗದ ರ‍್ಯಾಪಿಡ್ ಬಟನ್ನುಗಳಲ್ಲಿ 100ರ ದೀಪ ಆರಿತ್ತು, 25ರದು ಉರಿಯುತ್ತಿತ್ತು. ನನ್ನ ಸಾಲು ರ‍್ಯಾಪಿಡ್ ತಂಟೆಗೆ ಹೋಗುವುದಿಲ್ಲ. ಸಂಜೆ ಶಿಫ್ಟ್ ಬದಲಾಗುವಾಗ, ಇದೇನಣ್ಣ ಅಂತ ಕೇಳಿದೆ.

"ಇನ್ನೇನ್ ಮಾಡ್ಲಪ್ಪ? ಆ ನಾಬ್ ಕೆಟ್ಟೋಯ್ತಲ್ಲ. ಅದು ಬರೋ ತನಕ ಇದನ್ನ ಹಿಡ್ಕೊಂಡಿರ್ತೀನಿ."