ಯಾವ ವರ್ಷದ ಗಾಂಧಿ?

ಗಾಂಧಿ ಜಾತಿಯ ಪರವಾಗಿದ್ದರು ಅಂತ ಜಾಲತಾಣದಲ್ಲಿ ಒಬ್ಬರು ಅವರದೊಂದು ಮಾತು ತಂದು ಹಾಕುತ್ತಾರೆ. ಜಾತಿ ಹೋಗಲೇಬೇಕು ಅಂತ ಅವರೇ ಬರೆದಿಲ್ವಾ ಅಂತ ಕೆಳಗೇ ಇನ್ನೊಬ್ಬರು ಇನ್ನೊಂದು ಮಾತು ಅಂಟಿಸುತ್ತಾರೆ. ಎರಡೂ ಗಾಂಧಿಯ ಮಾತುಗಳೇ. ಮೊದಲಿನದು 1921ರದ್ದು, ಎರಡನೆಯದು 1935ರದ್ದು. ಇಬ್ಬರೂ ವರ್ಷ ಮಾತ್ರ ಹಾಕುವುದಿಲ್ಲ. ಆಮೇಲೆ ದಿನವಿಡೀ ಜಗಳ.

ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. ಯಾಕೆಂದರೆ ಆ ಮನುಷ್ಯನ ನಂಬಿಕೆ ಒಂದೇ ಕಡೆ ಕೂತಿದ್ದೇ ಇಲ್ಲ, ಮತ್ತು ಅದನ್ನು ಅವರು ಮುಚ್ಚಿಡಲೂ ಇಲ್ಲ. ನನ್ನ ಎರಡು ಬರಹಗಳು ಒಂದಕ್ಕೊಂದು ಹೊಂದದಿದ್ದರೆ, ನನ್ನ ತಲೆ ಸರಿಯಿದೆ ಅಂತ ನಿಮಗಿನ್ನೂ ನಂಬಿಕೆಯಿದ್ದರೆ, ನಂತರ ಬರೆದದ್ದನ್ನೇ ತೆಗೆದುಕೊಳ್ಳಿ ಅಂತ 1933ರಲ್ಲೇ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಬರೆದುಬಿಟ್ಟಿದ್ದರು.

ಅವರ ಆತ್ಮಕಥೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಪ್ರಸಂಗವಿದೆ. ದಕ್ಷಿಣ ಆಫ್ರಿಕಾಕ್ಕೆ ಹೋದ ಹೊಸದು, ಪ್ರಿಟೋರಿಯಾದಲ್ಲಿ ಕೋಟ್ಸ್ ಅನ್ನುವ ಕ್ರೈಸ್ತ ಗೆಳೆಯರೊಬ್ಬರು ಸಿಕ್ಕಿದ್ದರು. ಒಳ್ಳೆಯ ಮನುಷ್ಯ. ಗಾಂಧಿಯ ಕೊರಳಲ್ಲಿ ತುಳಸಿ ಮಣಿಸರ ನೋಡಿ ಅವರಿಗೆ ನೋವಾಯಿತು. ಈ ಮೂಢನಂಬಿಕೆ ನಿಮಗೆ ಒಪ್ಪುವುದಿಲ್ಲ, ಕೊಡಿ, ಕಿತ್ತು ಹಾಕುತ್ತೇನೆ ಅಂದರು. ಗಾಂಧಿ ಬಿಡಲಿಲ್ಲ, ಇದು ನನ್ನ ತಾಯಿ ಹಾಕಿದ್ದು ಅಂದರು. ಹಾಗಾದರೆ ನಿಮಗೆ ಇದರಲ್ಲಿ ನಂಬಿಕೆ ಇದೆಯಾ ಅಂತ ಕೋಟ್ಸ್ ಕೇಳಿದರು. ಇದರ ಮಹಿಮೆ ನನಗೆ ಗೊತ್ತಿಲ್ಲ, ಹಾಕದಿದ್ದರೆ ಕೆಡುಕಾಗುತ್ತದೆ ಅಂತಲೂ ನನಗೆ ಅನ್ನಿಸುವುದಿಲ್ಲ, ಆದರೆ ತಾಯಿ ಪ್ರೀತಿಯಿಂದ ಹಾಕಿದ್ದನ್ನು ಕಾರಣವಿಲ್ಲದೆ ತೆಗೆಯಲಾರೆ, ಸವೆದು ತಾನಾಗಿ ಕಡಿದುಹೋದ ದಿನ ಹೊಸದು ಬೇಕು ಅಂತ ಕೇಳುವುದಿಲ್ಲ ಅಂದರು.

ಆ ಉತ್ತರ ಕೊಟ್ಟಾಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ತಾಯಿ ಪುತಲೀಬಾಯಿ ಆಗಲೇ ತೀರಿಹೋಗಿದ್ದರು.

1915ರಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಹೋದಾಗ ಇಂಥದ್ದೇ ಇನ್ನೊಂದು. ಹೃಷಿಕೇಶದಲ್ಲಿ ಒಬ್ಬ ಸ್ವಾಮಿಗಳು, ಹಿಂದೂ ಆಗಿ ನಿಮಗೆ ಜುಟ್ಟೂ ಇಲ್ಲ, ಜನಿವಾರವೂ ಇಲ್ಲ, ಯಾಕೆ ಅಂತ ಕೇಳಿದರು. ಇಂಗ್ಲೆಂಡಿಗೆ ಹೋಗುವಾಗ ಜನ ನಗುತ್ತಾರೆ ಅನ್ನುವ ಅಂಜಿಕೆಯಿಂದ ಜುಟ್ಟು ತೆಗೆಸಿದ್ದೆ, ಮತ್ತೆ ಬಿಡುತ್ತೇನೆ ಅಂತ ಗಾಂಧಿ ಒಪ್ಪಿಕೊಂಡರು. ಜನಿವಾರ ಮಾತ್ರ ಹಾಕುವುದಿಲ್ಲ ಅಂದರು. ಎಷ್ಟೋ ಹಿಂದೂಗಳು ಅದಿಲ್ಲದೆಯೂ ಹಿಂದೂಗಳಾಗಿಯೇ ಇದ್ದಾರಲ್ಲ, ಶೂದ್ರರಿಗೆ ಇಲ್ಲದ್ದು ಉಳಿದವರಿಗೆ ಯಾಕೆ ಅನ್ನುವುದು ಅವರ ತರ್ಕ. ಗಮನಿಸಿ, ಅಂಜಿಕೆಯಿಂದ ಬಿಟ್ಟದ್ದನ್ನು ವಾಪಸ್ ತೆಗೆದುಕೊಂಡರು, ಇನ್ನೊಬ್ಬರನ್ನು ಹೊರಗಿಡುವುದನ್ನು ಬೇಡ ಅಂದರು. ನನ್ನ ಪ್ರಕಾರ ಮುಂದಿನ ಮೂವತ್ತು ವರ್ಷದ ಅವರ ಧರ್ಮದ ಬದಲಾವಣೆಗೆಲ್ಲ ಇದೇ ಅಳತೆಗೋಲು.

ಹಾಗಂತ ಆ ದಾರಿ ನೇರವಾಗಿರಲಿಲ್ಲ. ಅಭಿಮಾನಿಗಳು ಇಲ್ಲಿ ಸುಮ್ನೆ ಜಾರಿಕೊಳ್ಳಬಾರದು. 1921ರಲ್ಲಿ ಅವರು ತಮ್ಮನ್ನು ಸನಾತನಿ ಹಿಂದೂ ಅಂತ ಕರೆದುಕೊಂಡರು. ಜಾತಿ ಮೀರಿದ ಮದುವೆ, ಊಟ ಇವೆರಡೂ ಬೇಡ, ಆ ಕಟ್ಟು ಆತ್ಮದ ಏಳಿಗೆಗೆ ಬೇಕು ಅಂತಲೇ ಬರೆದರು. ಓದಿದರೆ ಇವತ್ತಿಗೂ ಸಿಟ್ಟು ಬರುತ್ತದೆ. 1932ರ ಹೊತ್ತಿಗೆ ಇಂಥ ನಿರ್ಬಂಧ ಹಿಂದೂ ಧರ್ಮದ ಭಾಗವೇ ಅಲ್ಲ ಅಂದರು. ಮರುವರ್ಷ ಮಗ ದೇವದಾಸನಿಗೂ ರಾಜಾಜಿಯವರ ಮಗಳು ಲಕ್ಷ್ಮಿಗೂ ಪುಣೆಯಲ್ಲಿ ಮದುವೆಯಾಯಿತು. ಹುಡುಗ ಬನಿಯಾ, ಹುಡುಗಿ ಬ್ರಾಹ್ಮಣರ ಮನೆಯವಳು. 1935ರ ನವೆಂಬರ್‌ನಲ್ಲಿ ಜಾತಿ ಹೋಗಲೇಬೇಕು ಅಂತ ಬರೆದರು, ಆದರೆ ಅದೇ ಲೇಖನದಲ್ಲಿ ವರ್ಣಾಶ್ರಮವನ್ನು, ಅಂದರೆ ಸಮಾಜವನ್ನು ನಾಲ್ಕು ವರ್ಣಗಳಾಗಿ ನೋಡುವ ಹಳೆಯ ಕಟ್ಟನ್ನು, ಕೈಬಿಟ್ಟಿರಲಿಲ್ಲ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಅಂಬೇಡ್ಕರ್ ಮಹಾರಾಷ್ಟ್ರದ ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದೆ, ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದ್ದರು. ಗಾಂಧಿ ಒಬ್ಬರೇ ಕೂತು ಧ್ಯಾನ ಮಾಡಿ ಬದಲಾದವರಲ್ಲ. ಅವರನ್ನು ತಳ್ಳಿದವರಿದ್ದರು. ಅದರಲ್ಲಿ ಅಂಬೇಡ್ಕರ್ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ, ಮತ್ತು ಆ ಬದಲಾವಣೆ ತಡವಾಯಿತು ಅನ್ನುವ ಅವರ ಸಿಟ್ಟು ನ್ಯಾಯವಾದದ್ದು.

1934ರ ಬಿಹಾರದ ಭೂಕಂಪವನ್ನೂ ಮರೆಯಬಾರದು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದುಬಿಟ್ಟರು ಗಾಂಧಿ. ಟಾಗೋರರು ಬಲವಾಗಿ ವಿರೋಧಿಸಿದರು. ಟಾಗೋರರ ಆ ವಿರೋಧದ ಹೇಳಿಕೆಯನ್ನು ಗಾಂಧಿ ತಮ್ಮ ಪತ್ರಿಕೆಯಲ್ಲೇ ಅಚ್ಚು ಹಾಕಿದರು, ಆದರೆ ತಮ್ಮ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಇಲ್ಲಿ ಟಾಗೋರರೇ ಸರಿ. ಸತ್ತ ಸಾವಿರಾರು ಜನರಲ್ಲಿ ಅಸ್ಪೃಶ್ಯರೂ ಇದ್ದರಲ್ವಾ?

ದೇವಸ್ಥಾನದ ವಿಷಯದಲ್ಲಿ ಮಾತ್ರ ಅವರು ಮನೆಯವರಿಗೂ ರಿಯಾಯಿತಿ ಕೊಡಲಿಲ್ಲ. ಹರಿಜನರಿಗೆ ಬಾಗಿಲು ಮುಚ್ಚಿದ ಗುಡಿಗೆ ತಾವೂ ಹೋಗುವುದಿಲ್ಲ ಅಂತ ತೀರ್ಮಾನಿಸಿದ್ದರು. 1938ರಲ್ಲಿ ಪುರಿಯ ಹತ್ತಿರ ಡೆಲಾಂಗ್‌ನಲ್ಲಿ ಗಾಂಧಿ ಮತ್ತು ಜೊತೆಗಾರರು ಸೇರಿದ್ದಾಗ ಕಸ್ತೂರಬಾ ಮತ್ತು ಗಾಂಧಿಯ ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಹೆಂಡತಿ ದುರ್ಗಾಬೆನ್ ಜಗನ್ನಾಥನ ದರ್ಶನ ಮಾಡಿ ಬಂದರು. ಸುದ್ದಿ ಕೇಳಿ ಗಾಂಧಿಗೆ ಬಿ.ಪಿ. ಏರಿತು. ತಪ್ಪು ನನ್ನದು, ಇವರಿಗೆ ತಿಳಿಸಿ ಹೇಳಲಿಲ್ಲ ಅಂತ ಕೊರಗಿದರು. ಮಹಾದೇವರನ್ನೂ ತರಾಟೆಗೆ ತೆಗೆದುಕೊಂಡರು, ನೊಂದ ಮಹಾದೇವರು ಬಿಟ್ಟು ಹೋಗುತ್ತೇನೆ ಅನ್ನುವವರೆಗೆ ಬಂತು. ವಯಸ್ಸಾದ ಹೆಣ್ಣುಮಗಳು ಪುರಿಗೆ ಬಂದು ದೇವರಿಗೆ ಕೈಮುಗಿಯಲು ಆಸೆಪಟ್ಟದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಕಸ್ತೂರಬಾ ಅವರ ಬಗ್ಗೆ ಇಲ್ಲಿ ಮನಸ್ಸು ಕರಗುತ್ತದೆ. ಆದರೂ ಗಾಂಧಿಯ ಹಟ ನನಗೆ ಅರ್ಥವಾಗುತ್ತದೆ. ಅದೇ ಮನುಷ್ಯ ತಿರುವಾಂಕೂರಿನಲ್ಲಿ ಗುಡಿಗಳನ್ನು ಎಲ್ಲರಿಗೂ ತೆರೆದ ಮೇಲೆ, 1937ರ ಜನವರಿಯಲ್ಲಿ, ಖುಷಿಯಿಂದ ಒಂದಾದ ಮೇಲೊಂದು ಗುಡಿಗೆ ಹೋದರು. 1946ರಲ್ಲಿ ಮಧುರೆ ಮೀನಾಕ್ಷಿಯ ದರ್ಶನವನ್ನೂ ಮಾಡಿದರು.

ಬದಲಾಗದೆ ಉಳಿದದ್ದು ರಾಮನಾಮ. ಚಿಕ್ಕಂದಿನಲ್ಲಿ ದೆವ್ವದ ಭಯಕ್ಕೆ ಔಷಧಿ ಅಂತ ಮನೆಯ ದಾದಿ ರಂಭಾ ಹೇಳಿಕೊಟ್ಟಿದ್ದು. ಆದರೆ ಆ ರಾಮನೂ ಅವರೊಳಗೆ ಬೇರೆಯಾಗಿದ್ದ. ನನ್ನ ರಾಮ ದಶರಥನ ಮಗನಲ್ಲ, ಅಯೋಧ್ಯೆಯ ರಾಜನಲ್ಲ, ಹುಟ್ಟಿಲ್ಲದವನು ಅಂತ 1946ರಲ್ಲಿ ಬರೆದರು. 1947ರ ಏಪ್ರಿಲ್‌ನಲ್ಲಿ ದೆಹಲಿಯ ವಾಲ್ಮೀಕಿ ಮಂದಿರದ ಪ್ರಾರ್ಥನೆಯಲ್ಲಿ ಕುರಾನ್ ಓದುವುದಕ್ಕೆ ಕೆಲವರು ತಕರಾರು ತೆಗೆದಾಗ, ಪ್ರಾರ್ಥನೆಯನ್ನೇ ನಿಲ್ಲಿಸಿದರು. ಅದೊಂದನ್ನು ಬಿಟ್ಟು ಉಳಿದದ್ದನ್ನು ಹೇಳಲು ಒಪ್ಪಲಿಲ್ಲ.

ಗಾಂಧಿ ಇನ್ನೂ ದೂರ ಹೋದದ್ದು ಗೋರಾ ಅವರ ವಿಷಯದಲ್ಲಿ. ಗೋರಾ ಆಂಧ್ರದ ಅಪ್ಪಟ ನಾಸ್ತಿಕ, ಸೇವಾಗ್ರಾಮಕ್ಕೆ ಬಂದು ಗಾಂಧಿಯ ಜೊತೆ ಮುಖಾಮುಖಿ ವಾದ ಮಾಡಿದವರು. ಅವರ ಮಗಳ ಮದುವೆ ದಲಿತ ಹುಡುಗನ ಜೊತೆ ಗೊತ್ತಾಯಿತು. ಆಶ್ರಮದಲ್ಲೇ ಮಾಡೋಣ ಅಂದರು ಗಾಂಧಿ. ದೇವರ ಹೆಸರು ಎತ್ತುವುದು ಗೋರಾಗೆ ಒಪ್ಪಿಗೆಯಿಲ್ಲ. ಹಾಗಾದರೆ ಅಲ್ಲಿ ದೇವರ ಬದಲು ಸತ್ಯದ ಹೆಸರು ಹೇಳೋಣ ಅಂತ ಗಾಂಧಿ ಒಪ್ಪಿದರು. ಅಷ್ಟೊತ್ತಿಗೆ ಅವರು ಗಂಡು ಹೆಣ್ಣಿನಲ್ಲಿ ಒಬ್ಬರು ಹರಿಜನರಾಗಿರದ ಮದುವೆಗೆ ಆಶೀರ್ವಾದ ಮಾಡುವುದನ್ನೇ ಬಿಟ್ಟಿದ್ದರು. ಈ ಮದುವೆ ನೋಡಲು ಅವರಿರಲಿಲ್ಲ. 1948ರ ಮಾರ್ಚ್‌ನಲ್ಲಿ ಅದು ಸೇವಾಗ್ರಾಮದಲ್ಲೇ ನಡೆಯಿತು.