ಮಳೆನಾಡಿನ ಹೊಸ ಮನೆಗೆ ಮಂಗಳೂರು ಹಂಚೇ ಆಗಬೇಕಾ?

ಕರಾವಳಿ ಮತ್ತು ಮಲೆನಾಡಿನಲ್ಲಿ ಮನೆ ಕಟ್ಟಲು ಹೊರಟವರ ನಡುವೆ ಈ ಚರ್ಚೆ ನಡೆಯುತ್ತಲೇ ಇರುತ್ತದೆ. ಮನೆ ಕಟ್ಟಿಸಿಕೊಡುವ ಎಂಜಿನಿಯರ್ ಒಬ್ಬರಿಗೆ ‘ಪರ’, ತೋಟದ ಮನೆಯ ಗೃಹಿಣಿಯೊಬ್ಬರಿಗೆ ‘ವಿರೋಧ’ ಬರೆಯಲು ಕೇಳಿದೆವು.

ಪರ: ನೀರು ನಿಲ್ಲದ ಮಾಡೇ ಒಳ್ಳೆಯ ಮಾಡು

ಹಂಚಿನ ಪರ ಬರೆಯಿರಿ ಎಂದಾಗ ನಾನು ತಕ್ಷಣ ಹೂಂ ಅನ್ನಲಿಲ್ಲ. ನನ್ನ ಹತ್ತಿರ ನಕ್ಷೆ ಮಾಡಿಸಲು ಬರುವವರಲ್ಲಿ ಹೆಚ್ಚಿನವರು ಕೇಳುವುದು ತಾರಸಿ ಮನೆ. ನಾನೂ ಅದನ್ನೇ ಮಾಡಿಕೊಡುತ್ತೇನೆ. ಪೇಟೆಯ ಸಣ್ಣ ಸೈಟಿನಲ್ಲಿ ಎರಡು ಅಂತಸ್ತು ಬೇಕು ಅನ್ನುವವರಿಗೆ ಹಂಚಿನ ಮಾತು ಹೇಳಿ ಪ್ರಯೋಜನವಿಲ್ಲ. ಆದರೆ ಸುತ್ತ ಜಾಗ ಇದೆ, ಒಂದೇ ಅಂತಸ್ತು ಸಾಕು ಅನ್ನುವವರಿಗೆ ಹಂಚಿನ ಪರ ಹೇಳಲು ಗಟ್ಟಿ ವಿಷಯಗಳಿವೆ.

ಮೊದಲನೆಯದು ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗಿಂತ ಜಾಸ್ತಿ ಮಳೆ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ನೀರು ಬೀಳುವ ಊರಿನಲ್ಲಿ ಮನೆಯ ತಲೆಯನ್ನು ಚಪ್ಪಟೆ ಮಾಡಿ, ಆಮೇಲೆ ಅದಕ್ಕೆ ವಾಟರ್‌ಪ್ರೂಫಿಂಗ್ ಬಳಿಯುತ್ತಾ ಕೂರುವುದು ಯಾಕೆ? ಸುಮಾರು 30 ಡಿಗ್ರಿ ಇಳಿಜಾರು ಕೊಟ್ಟ ಹಂಚಿನ ಮಾಡಿನಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ಬಿದ್ದ ಹಾಗೆ ಸೂರಿನಿಂದ ಅಂಗಳಕ್ಕೆ ಇಳಿಯುತ್ತದೆ. ಉದ್ದಕ್ಕೆ ಬಿಟ್ಟ ಸೂರು ಗೋಡೆಯನ್ನೂ ಎರಚಲಿನಿಂದ ಕಾಯುತ್ತದೆ. ತಾರಸಿಯಲ್ಲಿ ಎಲ್ಲೋ ಒಂದು ಕೂದಲೆಳೆಯ ಬಿರುಕು ಬಿಟ್ಟರೆ, ನೀರು ಕಂಬಿಯವರೆಗೆ ಹೋಗುತ್ತದೆ. ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ. ಅಡಿಯ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಮುದ್ರದ ಹತ್ತಿರ ಗಾಳಿಯಲ್ಲಿ ಉಪ್ಪಿರುವುದರಿಂದ ಇದು ಇನ್ನೂ ಬೇಗ ಆಗುತ್ತದೆ. ಹಂಚು ಒಡೆದರೆ ಹೋಗುವುದು ಒಂದು ಹಂಚು.

ಎರಡನೆಯದು ಭಾರ. ಒಂದು ಮಂಗಳೂರು ಹಂಚು ಎರಡೂವರೆ ಕಿಲೋ ಆಸುಪಾಸು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಅಂದರೆ 40 ಕಿಲೋದ ಒಳಗೆ. ಹಂಚನ್ನು ಹೊರುವ ಪಕಾಸು (ಇಳಿಜಾರಿನ ತೊಲೆ), ರೀಪಿನ (ಅಡ್ಡಪಟ್ಟಿ) ತೂಕ ಅದರ ಮೇಲೆ. ಅದೇ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬಾದರೆ ಚದರ ಮೀಟರಿಗೆ 300 ಕಿಲೋ ಆಗುತ್ತದೆ. ಇಷ್ಟು ಹಗುರ ಮಾಡಿಗೆ ಕೆಂಪುಕಲ್ಲಿನ ಗೋಡೆಯೇ ಸಾಕು. ಕಾಂಕ್ರೀಟು ಕಂಬ, ದೊಡ್ಡ ಬೀಮು ಬೇಡ.

ಮೂರನೆಯದು ಸೆಕೆ. ಏಪ್ರಿಲ್ ತಿಂಗಳಲ್ಲಿ ತಾರಸಿ ಹಗಲಿಡೀ ಬಿಸಿಲು ಕುಡಿದು, ರಾತ್ರಿ ನಾವು ಮಲಗಿದ ಮೇಲೆ ಅದನ್ನು ಕೆಳಗೆ ಬಿಡುತ್ತದೆ. ಹಂಚಿನ ಸಂದಿನಲ್ಲಿ ಬಿಸಿ ಗಾಳಿ ಮೇಲೆ ಹೋಗಿಬಿಡುತ್ತದೆ.

ಇನ್ನು ಬಾಳಿಕೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ, ಫಲ್ಗುಣಿ ದಡದ ಜೇಡಿಮಣ್ಣಿನಿಂದ ಮಾಡಿದ ಹಂಚು ಇಲ್ಲಿಂದ ಹಡಗಿನಲ್ಲಿ ಮುಂಬೈಗೂ ಹೊರದೇಶಗಳಿಗೂ ಹೋಯಿತು. ಹಳೆ ಮನೆ ಕೆಡವುವಾಗ ಹಂಚು ಇಳಿಸಿ ಹಿಂದೆ ತಿರುಗಿಸಿ ನೋಡಿ. ಆ ಕಾಲದ ಕಾರ್ಖಾನೆಯ ಮುದ್ರೆ ಇನ್ನೂ ಓದಲು ಬರುತ್ತದೆ. ತಂತಿ ಬ್ರಷ್ಷಿನಲ್ಲಿ ಹಾವಸೆ ಉಜ್ಜಿದರೆ ಮತ್ತೆ ಹೊದಿಸಬಹುದು. ನಾನು ಕೆಲವು ಮನೆಗಳಿಗೆ ಹೀಗೆ ಹಳೆ ಹಂಚನ್ನೇ ಹಾಕಿಸಿದ್ದೇನೆ. ಕೆಡವಿದ ಸ್ಲ್ಯಾಬನ್ನು ಯಾರು ಮತ್ತೆ ಹಾಕಿಕೊಳ್ಳುತ್ತಾರೆ?

ಮರ ಸಿಗುವುದಿಲ್ಲ, ಒರಲೆ ಹಿಡಿಯುತ್ತದೆ ಅನ್ನುತ್ತಾರೆ. ಈಗ ಕಬ್ಬಿಣದ ಪೈಪಿನಲ್ಲಿ ಪಕಾಸು, ರೀಪು ಎರಡನ್ನೂ ಮಾಡುತ್ತಾರೆ. ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹೊಡೆದರೆ ಆಯಿತು. ಒರಲೆಯ ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ಒಂದು ಮಾತು. ಶಿವಮೊಗ್ಗದಿಂದ ಘಟ್ಟ ಇಳಿದು ಉಡುಪಿಗೆ ಬನ್ನಿ. ದಾರಿಯುದ್ದಕ್ಕೂ ತಾರಸಿ ಮನೆಗಳ ಮೇಲೆ ಇನ್ನೊಂದು ಮಾಡು ಕಾಣುತ್ತದೆ. ಕಬ್ಬಿಣದ ಕಾಲು ನಿಲ್ಲಿಸಿ ಶೀಟು ಹೊದಿಸಿರುತ್ತಾರೆ. ಲಕ್ಷಗಟ್ಟಲೆ ಕೊಟ್ಟು ತಾರಸಿ ಹಾಕಿ, ಅದು ಸೋರುತ್ತದೆ ಎಂದು ಅದಕ್ಕೊಂದು ಕೊಡೆ ಹಿಡಿಯುವುದು. ಇಳಿಜಾರು ಮಾಡು ಹೇಗೂ ಬೇಕೇ ಬೇಕು ಎಂದ ಮೇಲೆ ಮೊದಲೇ ಹಾಕಿಕೊಳ್ಳಬಹುದಲ್ಲ? ತಾರಸಿ ಕೇಳುವವರಲ್ಲಿ ಅನೇಕರಿಗೆ ಬೇಕಾಗಿರುವುದು ನಾಲ್ಕು ಜನರ ಎದುರು ‘ಆರ್‌ಸಿಸಿ ಮನೆ’ ಅನ್ನಿಸಿಕೊಳ್ಳುವುದು, ಅಷ್ಟೇ. ನೀರಿನ ಟ್ಯಾಂಕಿಗೆ ಜಾಗ ಬೇಕಾದರೆ ಬಚ್ಚಲುಮನೆಯ ಮೇಲೆ ಮಾತ್ರ ಸ್ಲ್ಯಾಬ್ ಹಾಕಿಸಿ. ಉಳಿದದ್ದಕ್ಕೆ ಹಂಚು ಹೊದಿಸಿ.

ವಿರೋಧ: ಮಾಡು ಹತ್ತುವವರು ಯಾರು?

ಹಂಚಿನ ಮನೆಗೆ ಒಬ್ಬ ಆಳು ಬೇಕು. ಏಣಿ ಹತ್ತಬಲ್ಲ, ಹಂಚಿನ ಮೇಲೆ ಹೆಜ್ಜೆ ಇಡಲು ಗೊತ್ತಿರುವ ಆಳು. ಎರಡು ಹಂಚು ಒಂದರ ಮೇಲೊಂದು ಕೂತಿರುವ ಕಡೆ, ಕೆಳಗೆ ರೀಪು ಇರುವ ಕಡೆ ಕಾಲಿಡಬೇಕು. ನಡುವೆ ಕಾಲಿಟ್ಟರೆ ಹಂಚು ಟಕ್ ಅನ್ನುತ್ತದೆ. ಒಂದು ಹಂಚು ಸರಿ ಮಾಡಲು ಹೋದವರು ನಾಲ್ಕು ಒಡೆದು ಇಳಿದು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ಕೆಲಸ ಗೊತ್ತಿದ್ದ ಹಳಬರಿಗೆ ವಯಸ್ಸಾಯಿತು. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ನಮ್ಮ ಮಕ್ಕಳೂ ಅಲ್ಲೇ ಇದ್ದಾರೆ. ಹಂಚಿನ ಗುಣಗಾನ ಮಾಡುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ನಾನು ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ಕಡೆಯ ತೋಟದ ಮನೆಗೆ. ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಹಂಚು ಕೈಯಾಡಿಸುವ ಕೆಲಸ. ಹಂಚು ತೆಗೆಯಬೇಕು, ಸಂದಿನಲ್ಲಿ ತುಂಬಿದ ಎಲೆ, ಕಸ ಗುಡಿಸಬೇಕು, ಬಿರುಕು ಬಿಟ್ಟದ್ದನ್ನು ಬದಲಾಯಿಸಬೇಕು, ಮತ್ತೆ ಜೋಡಿಸಬೇಕು. ಎಲೆ ಕೂತರೆ ನೀರು ಹಿಂದಕ್ಕೆ ಮಗುಚಿ ಒಳಗೆ ಇಳಿಯುತ್ತದೆ. ಗಂಡಸರು ಮೇಲೆ ಕೆಲಸ ಮಾಡುವಾಗ ಕೆಳಗೆ ಏನಾಗುತ್ತದೆ ಎಂದು ಯಾರೂ ಬರೆಯುವುದಿಲ್ಲ. ಇಲ್ಲಣ, ಜೇಡರ ಬಲೆ, ಇಲಿ ಹಿಕ್ಕೆ, ಹಂಚಿನ ಪುಡಿ ಎಲ್ಲ ಹಾಸಿಗೆ ಮೇಲೆ, ಅಕ್ಕಿ ಡಬ್ಬದ ಮೇಲೆ, ದೇವರ ಗೂಡಿನ ಮೇಲೆ. ಪಾತ್ರೆ ಪಗಡೆಯೆಲ್ಲ ಹೊರಗೆ ಹಾಕಿ ತೊಳೆಯುವುದು ಯಾರು? ಅತ್ತೆ ಮತ್ತು ನಾನು.

ಆಮೇಲೆ ಮಂಗ. ನಮ್ಮ ಹಲಸಿನ ಮರದಿಂದ ಮಾಡಿಗೆ ಒಂದೇ ನೆಗೆತ. ಅವು ನೆಗೆದಲ್ಲೆಲ್ಲ ಹಂಚು ಬಿರುಕು. ಅಷ್ಟಕ್ಕೆ ಬಿಡುವುದಿಲ್ಲ. ಹಂಚನ್ನು ಎತ್ತಿ ಬದಿಗೆ ಸರಿಸಿ ಅಡುಗೆಮನೆಗೇ ಇಳಿಯುತ್ತವೆ. ಮಧ್ಯಾಹ್ನ ತೋಟದಿಂದ ಬಂದು ನೋಡಿದರೆ ಬಾಳೆಗೊನೆ ಇಲ್ಲ, ಹಿಟ್ಟಿನ ಡಬ್ಬ ನೆಲದಲ್ಲಿ, ಮೇಲೆ ನೋಡಿದರೆ ಆಕಾಶ. ಮಳೆ ಬರುವುದರೊಳಗೆ ಆ ತೂತು ಮುಚ್ಚಬೇಕು. ಆಳು ಸಿಗದಿದ್ದರೆ ಒಳಗಿನಿಂದಲೇ ಕೋಲಿನಲ್ಲಿ ಹಂಚು ಸರಿಸುವುದು, ಒಡೆದಿದ್ದರೆ ಅಡಿಗೆ ಅಡಿಕೆ ಹಾಳೆ ತೂರಿಸುವುದು. ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ನಾನು. ಹಾಳೆ ಎರಡು ಮಳೆಗೆ ಮೆತ್ತಗಾಗಿ ಜೋತು ಬೀಳುತ್ತದೆ. ಆಮೇಲೆ ಇನ್ನೊಂದು ಹಾಳೆ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಮಾವನವರಿಗೆ ಆದದ್ದನ್ನು ಸಹಿಸಲು ಆಗಲಿಲ್ಲ.

ಅದು ಜುಲೈ ತಿಂಗಳು. ನಡುಮನೆಯ ಗೋಡೆಯಲ್ಲಿ ನೀರು ಇಳಿಯುತ್ತಾ ಇಳಿಯುತ್ತಾ ಸ್ವಿಚ್ ಬೋರ್ಡಿನ ಹತ್ತಿರ ಬಂದಿತ್ತು. ಮೇನ್ ಆಫ್ ಮಾಡಿ ಕೂತಿದ್ದೆವು. ಆಳಿಗೆ ಹೇಳಿ ಕಳಿಸಿದರೆ ಒಬ್ಬರೂ ಇಲ್ಲ. ಮಲೆನಾಡಿನವರಿಗೆ ಕಾರಣ ಗೊತ್ತು. ಮಳೆ ಒಂದು ಗಳಿಗೆ ಹೊಳವಾದರೆ ಎಲ್ಲರೂ ಅಡಿಕೆಗೆ ಬೋರ್ಡೋ ದ್ರಾವಣದ ಔಷಧಿ ಹೊಡೆಯಲು ಓಡುತ್ತಾರೆ. ಇಲ್ಲದಿದ್ದರೆ ಕೊಳೆರೋಗಕ್ಕೆ ಫಸಲೇ ಹೋಗುತ್ತದೆ. ಹಂಚು ಸರಿ ಮಾಡಲು ಬೇಕಾದದ್ದೂ ಅದೇ ಹೊಳ. ನನ್ನ ಗಂಡನೂ ತೋಟದಲ್ಲಿದ್ದರು. ಎಪ್ಪತ್ತು ದಾಟಿದ್ದ ಮಾವ ಏಣಿ ತಂದು ಇಟ್ಟರು. “ನೀವು ಹತ್ತಬೇಡಿ ಮಾವ, ಅವರು ಬರಲಿ” ಅಂದೆ. “ಒಂದೇ ಒಂದು ಹಂಚು ಮಾರಾಯ್ತಿ, ಸರಿಸಿ ಬಂದೆ. ನೀನು ಏಣಿ ಹಿಡ್ಕೋ” ಅಂದರು.

ಹಂಚನ್ನು ಸರಿಸಿದರು. ಇಳಿಯುವಾಗ ಹಾವಸೆ ಮೇಲೆ ಕಾಲು ಜಾರಿತು. ಏಣಿಯ ಈಚೆ ಅಂಗಳದ ಕಲ್ಲಿನ ಮೇಲೆ ಬಿದ್ದರು. ಏಣಿ ನನ್ನ ಕೈಯಲ್ಲೇ ಇತ್ತು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಅಲ್ಲಿಂದ ಮುಂದೆ ಅವರಿಗೆ ಕೋಲಿಲ್ಲದೆ ನಡೆಯಲು ಆಗಲೇ ಇಲ್ಲ. ತೋಟದ ಕೊನೆಯವರೆಗೆ ಹೋಗಿ ಬರುತ್ತಿದ್ದ ಮನುಷ್ಯ ಜಗುಲಿಗೇ ಸೀಮಿತರಾದರು. ಆ ವಯಸ್ಸಿನಲ್ಲಿ ಹತ್ತಬಾರದಿತ್ತು ಎಂದು ನೋಡಲು ಬಂದವರೆಲ್ಲ ಬುದ್ಧಿ ಹೇಳಿದರು. ಹತ್ತಬೇಕಾಗಿ ಬಂದದ್ದೇ ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಮುಂದೆ ಹೊಸ ಮನೆ ಕಟ್ಟುವಾಗ ನಾನು ಒಂದೇ ಮಾತು ಹೇಳಿದ್ದು, ತಾರಸಿ ಆಗಬೇಕು. ಅಡಿಕೆಗೆ ಒಳ್ಳೆ ರೇಟು ಇದ್ದ ವರ್ಷ. ದುಡ್ಡು ಜಾಸ್ತಿ ಆಯಿತು, ನಿಜ. ಬಂಧುಗಳು ಬೇಜಾರು ಮಾಡಿಕೊಂಡರು. “ಮಲೆನಾಡಿನ ಮನೆ ಅಂದ್ರೆ ಹಂಚು ಇರಬೇಕಪ್ಪ” ಅಂದರು. ಅವರಿಗೆ ಬೇಸಿಗೆ ರಜೆಯಲ್ಲಿ ಬಂದು ನೋಡಿ ಹೋಗಲು ಹಂಚು ಬೇಕು. ಮಳೆಗಾಲದಲ್ಲಿ ಇಲ್ಲಿ ಇರುವವರು ನಾವು.

ತಾರಸಿ ಸೋರುತ್ತದೆ ಅನ್ನುತ್ತಾರೆ. ಅರೆಬರೆ ಹಾಕಿದ ತಾರಸಿ ಸೋರುತ್ತದೆ. ನಾವು ನೀರು ಹರಿಯುವ ಕಡೆಗೆ ಸರಿಯಾಗಿ ಇಳಿಜಾರು ಕೊಡಿಸಿದೆವು. ಎಲೆ ಕಟ್ಟಿಕೊಳ್ಳದ ಹಾಗೆ ದೊಡ್ಡ ಪೈಪು ಇಡಿಸಿದೆವು. ಕ್ಯೂರಿಂಗ್‌ಗೆ ನೀರು ಕಟ್ಟಿ ನಿಲ್ಲಿಸುವುದನ್ನು ನಾನೇ ನೋಡಿಕೊಂಡೆ. ತಾರಸಿ ಮೇಲೆ ಶೀಟು ಹಾಕುತ್ತಾರಲ್ಲ ಅಂತ ಕೇಳುವವರಿಗೆ, ಅಡಿಕೆ ಬೆಳೆಗಾರರು ಅದನ್ನು ಹಾಕುವುದು ಅಡಿಕೆ ಹರವಲು, ಸೌದೆ, ಬಟ್ಟೆ ಇಡಲು. ನಮಗೆ ಅಷ್ಟು ಜಾಗ ಜಾಸ್ತಿ ಸಿಕ್ಕ ಹಾಗಾಯಿತು. ಸೆಕೆಯ ಮಾತು ಬಿಡಿ. ಇಲ್ಲಿ ಸೆಕೆ ಎರಡು ತಿಂಗಳು, ಅದಕ್ಕೆ ಫ್ಯಾನು ಇದೆ. ಮಳೆ ನಾಲ್ಕು ತಿಂಗಳು.

ಗಾಳಿಗೂ ಹಂಚು ನಿಲ್ಲುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕರಾವಳಿಯಲ್ಲಿ ಎಷ್ಟು ಮನೆಗಳ ಮಾಡು ಹಾರಿತು ಎಂದು ಅಲ್ಲಿಯವರನ್ನೇ ಕೇಳಿ. ಕಬ್ಬಿಣದ ಪಕಾಸು ಹಾಕಿದರೆ ಒರಲೆ ಬರುವುದಿಲ್ಲ, ಸರಿ. ಮಂಗ ಬರುವುದಿಲ್ಲವಾ? ತೆಂಗಿನಕಾಯಿ ಬೀಳುವುದಿಲ್ಲವಾ?

ಹಳೆ ಹಂಚನ್ನು ನಾವು ಬಿಸಾಡಿಲ್ಲ. ಕೊಟ್ಟಿಗೆಗೆ ಹೊದಿಸಿದ್ದೇವೆ. ಮನೆಯ ತಾರಸಿಗೆ ಒಳಗಿನಿಂದಲೇ ಮೆಟ್ಟಿಲಿದೆ, ಸುತ್ತ ಎದೆಮಟ್ಟದ ಪ್ಯಾರಪೆಟ್ ಇದೆ. ಜೂನ್ ಮೊದಲ ವಾರ ಎಲೆ ಗುಡಿಸಬೇಕಾದರೆ ಪೊರಕೆ ಹಿಡಿದುಕೊಂಡು ನಾನೇ ಹೋಗುತ್ತೇನೆ. ಅರ್ಧ ಗಂಟೆಯ ಕೆಲಸ. ಆಳಿಗೆ ಫೋನ್ ಮಾಡಬೇಕಾಗಿಲ್ಲ, ಏಣಿ ಹಿಡಿಯಲು ಯಾರೂ ಬೇಕಾಗಿಲ್ಲ.